ಸುಮಾರು ದಿನ ಎಂದರೆ ಎಷ್ಟು

ದಾನೇಶ್ವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಗದಗಿನಲ್ಲಿ ಶಾಲೆ, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಹೊರದೇಶದ ವೈದ್ಯರಿಗೆಂದೇ ಇಟ್ಟಿರುವ ಭಾಷೆಯ ಪರೀಕ್ಷೆಯನ್ನು ಮೊದಲ ಸಲಕ್ಕೇ ದಾಟಿ ಇಂಗ್ಲೆಂಡಿಗೆ ಬಂದವಳು ಅವಳು. ಮೂಳೆಗಳ ಹೆಸರು, ಮಾತ್ರೆಗಳ ಹೆಸರು, ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುವ ಬಗೆ ಎಲ್ಲವೂ ಆ ಭಾಷೆಯಲ್ಲಿ ಅವಳ ನಾಲಿಗೆಯ ತುದಿಯಲ್ಲಿದ್ದವು. ಅವಳನ್ನು ಗೋಳುಹೊಯ್ದುಕೊಂಡದ್ದು ಬೇರೆ ಮಾತುಗಳ ಮುಂದೆ ಬಂದು ಕೂರುವ ಪುಟ್ಟ ಪುಟ್ಟ ಮಾತುಗಳು. ಕ್ವೈಟ್, ರಾದರ್, ಫೇರ್ಲಿ.

ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಮೊದಲ ಕೆಲಸಕ್ಕೆ ಸೇರಿದ್ದಾಗ, ಅವಳು ರೋಗಿಯೊಬ್ಬರ ಬೆನ್ನುಮೂಳೆಯಿಂದ ನೀರು ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದ ಹಿರಿಯ ವೈದ್ಯರು, "ದಟ್ ವಾಸ್ ಕ್ವೈಟ್ ಗುಡ್" ಎಂದು ಹೇಳಿ ಕೈಗವಸು ಬಿಚ್ಚಿ ಹೋಗಿದ್ದರು. ದಾನೇಶ್ವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದು ಸಂಜೆಯೇ ಗದಗಿಗೆ ಫೋನ್ ಹಚ್ಚಿದಳು.

"ಅವ್ವಾ, ನಮ್ಮ ದೊಡ್ಡ ಡಾಕ್ಟರ್ ನನ್ನ ಕೆಲಸ ನೋಡಿ ಭಾಳ ಛಲೋ ಆಗೇತಿ ಅಂದ್ರು."

"ಅನ್ನದೇ ಏನ್ ಮಾಡ್ತಾರ! ನನ್ನ ಮಗಳ ಕೈ ಅಂದ್ರ ಹಗರ ಏನು?" ಎಂದಳು ಅವ್ವ. ಮರುದಿನ ಓಣಿಯ ಮನೆಮನೆಗೂ ಆ ಸುದ್ದಿ ಮುಟ್ಟಿತ್ತು.

ಆ ಸುದ್ದಿಯ ಗಾಳಿ ತೆಗೆದವನು ಅಭಿರಾಮ್. ಮೈಸೂರಿನ ಹುಡುಗ, ಅದೇ ಆಸ್ಪತ್ರೆಯಲ್ಲಿ ಅವಳಿಗಿಂತ ಕೊಂಚ ಹಿರಿಯ. ಕ್ಯಾಂಟೀನಿನಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಂಡಾಗ ಅವನು ನಗು ತಡೆಯಲಾರದೆ ಚಹಾದ ಲೋಟ ಕೆಳಗಿಟ್ಟ. "ಅಯ್ಯೋ, ಕ್ವೈಟ್ ಗುಡ್ ಅಂದ್ರೆ ಇವರ ಬಾಯಲ್ಲಿ ಪರವಾಗಿಲ್ಲ ಅಂತ ಅರ್ಥ ಕಣೆ. ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅಂತ ಹೇಳೋಕೆ ಸಂಕೋಚಪಟ್ಟುಕೊಂಡು ಹಾಗಂತಾರೆ."

ದಾನೇಶ್ವರಿಯ ಮುಖ ಸಣ್ಣದಾಯಿತು. ಅವ್ವನಿಗೆ ಮಾತ್ರ ತಿದ್ದುಪಡಿ ಹೇಳಲಿಲ್ಲ. ಆದರೆ ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು: ಈ ಜನ ಕ್ವೈಟ್ ಎಂದರೆ ಹೇಳಿದ್ದರಲ್ಲಿ ಒಂದು ತುಂಡು ಮುರಿದು ಕೆಳಗಿಡಬೇಕು, ಉಳಿದದ್ದಷ್ಟೇ ನಿಜ. ಆ ನಿಯಮ ಬಹಳಷ್ಟು ಕಡೆ ಸರಿಹೋಯಿತು ಕೂಡ. ಕ್ವೈಟ್ ಟೇಸ್ಟಿ ಎಂದವರು ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದರು. ಕ್ವೈಟ್ ಹ್ಯಾಪಿ ಎಂದವರು ಮರುವಾರ ದೂರು ತರುತ್ತಿದ್ದರು. ಒಂದು ಭಾಷೆಯ ಒಳಮನೆಯ ಬಾಗಿಲು ತನಗೆ ತೆರೆಯಿತು ಎಂದು ಅವಳಿಗೆ ಒಳಗೊಳಗೇ ಸಮಾಧಾನವೂ ಆಗಿತ್ತು.

ಆಸ್ಪತ್ರೆಯ ಪಾಳಿಗಳು ಮುಗಿದ ಮೇಲೆ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆ, ಆಗುವ ತರಬೇತಿಗೆಂದು ಅವಳು ವುಲ್ವರ್‌ಹ್ಯಾಂಪ್ಟನ್ನಿನ ಒಂದು ಸರ್ಜರಿಗೆ ಬಂದಳು; ಅಲ್ಲಿ ಜಿಪಿಗಳ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ. ಇಟ್ಟಿಗೆ ಕಟ್ಟಡದ ಕೆಳಮಹಡಿ. ಕೆಮ್ಮು, ಕೀಲುನೋವು, ಮಕ್ಕಳ ಜ್ವರ, ಒಂಟಿತನ, ಎಲ್ಲವೂ ಹತ್ತು ನಿಮಿಷದ ಪಾಲಿನಂತೆ ಒಳಗೆ ಬರುತ್ತಿದ್ದವು. ಅವಳಿಗೆ ಕಲಿಸಬೇಕಾದವರು ಡಾಕ್ಟರ್ ಹರಿಪ್ರಸಾದ. ಮೈಸೂರಿನವರು, ತಲೆ ಪೂರ್ತಿ ಬೆಳ್ಳಗಾಗುವಷ್ಟು ಕಾಲ ಅದೇ ಊರಿನ ಜನರ ನಾಡಿ ಹಿಡಿದವರು. ಬೇರೆಯವರೆದುರು ಇಂಗ್ಲಿಷ್, ಬಾಗಿಲು ಮುಚ್ಚಿದರೆ ಕನ್ನಡ. ಅವರ ಜೊತೆ ಮಾತಾಡುವಾಗ ದಾನೇಶ್ವರಿಯ ಗದಗಿನ ಕನ್ನಡ ತಾನಾಗಿಯೇ ಮೈಸೂರಿನ ಕಡೆ ವಾಲುತ್ತಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ರೇ ಟಿಮಿನ್ಸ್ ಎಂಬ ವೃದ್ಧರು ಅವಳ ಕೋಣೆಗೆ ಬಂದರು. ವಿಲನ್‌ಹಾಲಿನ ಬೀಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆರಳುಗಳು ದಪ್ಪ, ಇಸ್ತ್ರಿ ಮಾಡಿದ ಅಂಗಿ, ಕಾಲರಿನವರೆಗೂ ಗುಂಡಿ. ದನಿ ಮಾತ್ರ ಒಡೆದು, ಮರಳು ಕಾಗದ ಉಜ್ಜಿದ ಹಾಗಿತ್ತು.

"ದನಿ ಹೀಗಾಗಿ ಎಷ್ಟು ದಿನವಾಯಿತು?" ಎಂದು ಕೇಳಿದಳು ದಾನೇಶ್ವರಿ.

ಅವರು ಕಿಟಕಿಯ ಕಡೆ ನೋಡಿದರು. "ಓ, ಕ್ವೈಟ್ ಎ ವೈಲ್, ಬ್ಯಾಬ್." ಆ ಕಡೆಯ ಹಿರಿಯರು ಮಗೂ ಎನ್ನುವ ಹಾಗೆ ಬ್ಯಾಬ್ ಎನ್ನುತ್ತಾರೆ.

ವೈಲ್ ಎಂದರೆ ಸ್ವಲ್ಪ ಕಾಲ. ಅದಕ್ಕೂ ಕ್ವೈಟ್ ಸೇರಿತೆಂದರೆ ಅದರಲ್ಲೂ ಒಂದು ತುಂಡು ಕಡಿಮೆ. ದಾನೇಶ್ವರಿಯ ಲೆಕ್ಕ ಅಷ್ಟು ಬೇಗ ನಡೆದುಹೋಯಿತು. ಆದರೂ ಖಚಿತ ಮಾಡಿಕೊಳ್ಳೋಣವೆಂದು, "ಹಾಗಾದರೆ ರಾದರ್ ಲಾಂಗ್ ಅನ್ನಬಹುದಾ?" ಎಂದು ಕೇಳಿದಳು.

"ಇಲ್ಲ ಇಲ್ಲ, ನಾಟ್ ಟೆರಿಬ್ಲಿ ಲಾಂಗ್," ಎಂದರು ಟಿಮಿನ್ಸ್, ತಕರಾರು ಮಾಡುವವನಲ್ಲ ನಾನು ಎನ್ನುವ ಹಾಗೆ ಕೈ ಅಲ್ಲಾಡಿಸಿ. ನಡುವೆ ಒಂದು ನೆಗಡಿಯೂ ಬಂದು ಹೋಗಿತ್ತಂತೆ.

ಅಷ್ಟು ಸಾಕಾಯಿತು. ನೆಗಡಿಯ ಬಾಲ ಎಂದುಕೊಂಡಳು. ಗಂಟಲಿಗೆ ಟಾರ್ಚ್ ಹಾಕಿ ನೋಡಿದಳು, ಕುತ್ತಿಗೆ ಒತ್ತಿ ನೋಡಿದಳು, ಎಲ್ಲೂ ಗಡ್ಡೆ ಸಿಗಲಿಲ್ಲ. ಬಿಸಿನೀರು ಕುಡಿಯಿರಿ, ದನಿಗೆ ವಿಶ್ರಾಂತಿ ಕೊಡಿ, ಸರಿಹೋಗದಿದ್ದರೆ ಬೇಸಿಗೆ ಮುಗಿಯುವಾಗ, ಆಗಸ್ಟಿನ ಕೊನೆಗೆ ಬನ್ನಿ ಎಂದು ಹೇಳಿ ಕಳಿಸಿದಳು. ಟಿಮಿನ್ಸ್ ಎದ್ದು ನಿಂತವರು ಬಾಗಿಲ ಹಿಡಿಯನ್ನು ಹಿಡಿದು ಒಂದು ಗಳಿಗೆ ತಡೆದರು, ಏನೋ ಹೇಳುವವರಂತೆ. ಆಮೇಲೆ "ಟಾ, ಬ್ಯಾಬ್" ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋದರು.

ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ, ಹರಿಪ್ರಸಾದರು ಅವಳನ್ನು ಹಾರ್ಬೋರ್ನಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ವಿಜಯಾ ಬಾಗಿಲಲ್ಲೇ ಅವಳ ಕೈ ಹಿಡಿದು, "ಬಾಮ್ಮ, ಸೊರಗಿಬಿಟ್ಟಿದೀಯಲ್ಲ" ಎಂದು ನೇರ ಅಡುಗೆಮನೆಗೇ ಕರೆದೊಯ್ದರು. ಮಗಳು ಶರ್ವಾಣಿ ಲೀಡ್ಸಿನ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮನ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಊಟದ ಮೇಜಿನ ಮೇಲೆ ಹುರುಳಿಕಾಳಿನ ಸಾರು, ಬೀನ್ಸ್ ಪಲ್ಯ, ಅನ್ನ. ಹರಿಪ್ರಸಾದರು ಎರಡು ತುತ್ತು ತಿಂದು, ಹೆಂಡತಿಯನ್ನು ಕೆಣಕಬೇಕೆಂದೇ, "ಸಾರು ಸುಮಾರಾಗಿದೆ" ಎಂದರು.

"ಸುಮಾರಾಗಿದೆಯಂತೆ! ಬೆಳಿಗ್ಗೆಯಿಂದ ಸುಮಾರು ಹೊತ್ತು ಕುದಿಸಿದೀನಿ, ಸುಮಾರಾಗಿದೆಯಂತೆ. ಇನ್ನು ಮೇಲೆ ನೀವೇ ಮಾಡ್ಕೊಳ್ಳಿ," ಎಂದರು ವಿಜಯಾ.

ಶರ್ವಾಣಿ ಚಮಚ ಎತ್ತಿಹಿಡಿದು ನಗತೊಡಗಿದಳು. ಅಪ್ಪನ ಸುಮಾರು ಎಂದರೆ ಅಷ್ಟೇನೂ ಚೆನ್ನಾಗಿಲ್ಲ ಅಂತ, ಅಮ್ಮನ ಸುಮಾರು ಎಂದರೆ ತುಂಬಾ ಹೊತ್ತು ಅಂತ. ಹಾಗಾದರೆ ಈ ಪದಕ್ಕೆ ಕಡಿಮೆ ಅಂತ ಅರ್ಥವೋ ಜಾಸ್ತಿ ಅಂತ ಅರ್ಥವೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಎರಡೂ," ಎಂದರು ಹರಿಪ್ರಸಾದರು. "ರುಚಿಗೆ, ರೂಪಕ್ಕೆ ಹೇಳಿದರೆ ಕಡಿಮೆ. ಹುಡುಗ ಸುಮಾರಾಗಿದಾನೆ ಅಂದ್ರೆ ಬೇರೆ ಹುಡುಗನ್ನ ನೋಡಿ ಅಂತ. ಅದೇ ಹೊತ್ತಿಗೆ, ಜನಕ್ಕೆ ಹೇಳಿದರೆ ಜಾಸ್ತಿ. ಮದುವೆಗೆ ಸುಮಾರು ಜನ ಬಂದಿದ್ರು ಅಂದ್ರೆ ಕುರ್ಚಿ ಸಾಲಲಿಲ್ಲ ಅಂತ."

"ಓ, ಕ್ವೈಟ್ ಇದ್ದ ಹಾಗೆ," ಎಂದಳು ಶರ್ವಾಣಿ ಇಂಗ್ಲಿಷಿನಲ್ಲೇ, ಯೋಚನೆಯನ್ನೂ ಮಾಡದೆ. "ಕ್ವೈಟ್ ನೈಸ್ ಅಂದರೆ ಅಷ್ಟಕ್ಕಷ್ಟೇ. ಕ್ವೈಟ್ ಎ ವೈಲ್ ಅಂದರೆ ತುಂಬಾ ದಿನ." ಹೇಳಿ ಉಪ್ಪಿನಕಾಯಿಗೆ ಕೈ ಚಾಚಿದಳು.

ದಾನೇಶ್ವರಿಯ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ಅವಳು ಹುಟ್ಟಿದಾಗಿನಿಂದ ಸುಮಾರು ಎನ್ನುತ್ತಲೇ ಬೆಳೆದವಳು. ಸುಮಾರು ದಿನ ಆತು ಭೆಟ್ಟಿ ಆಗಿ, ಎಂದು ಯಾರಾದರೂ ಅಂದರೆ ಅದು ಕಡಿಮೆ ದಿನವೋ ಹೆಚ್ಚು ದಿನವೋ ಎಂದು ಒಮ್ಮೆಯೂ ತಡವರಿಸಿದವಳಲ್ಲ. ಹಾಗಿದ್ದೂ ಇನ್ನೊಂದು ಭಾಷೆಯಲ್ಲಿ ಅದೇ ಗುಣದ ಪದ ಎದುರಾದಾಗ, ಒಂದೇ ಅಳತೆಗೋಲು ಹಿಡಿದು ಎಲ್ಲ ಕಡೆಗೂ ಅಳೆದಿದ್ದಳು. ಮರಳು ಕಾಗದದಂಥ ಆ ದನಿ, ಬಾಗಿಲ ಹಿಡಿಯ ಮೇಲೆ ತಡೆದ ಆ ದಪ್ಪ ಬೆರಳುಗಳು ಅವಳ ಕಣ್ಣಮುಂದೆ ಬಂದವು. ಆ ವಯಸ್ಸಿನವರ ದನಿ ಕಾರಣವಿಲ್ಲದೆ ಒಡೆದು ಹಾಗೇ ಉಳಿದರೆ ಕ್ಯಾನ್ಸರ್ ಅಲ್ಲವೆಂದು ಖಾತರಿಯಾಗುವವರೆಗೆ ಬಿಡಬಾರದು. ಅದು ಅವಳಿಗೆ ಬಾಯಿಪಾಠವಿದ್ದ ವಿಷಯ.

"ಯಾಕಮ್ಮ, ಖಾರ ಆಯ್ತಾ?" ಎಂದರು ವಿಜಯಾ.

"ಇಲ್ಲ ಆಂಟಿ." ಆಮೇಲೆ ಹರಿಪ್ರಸಾದರ ಕಡೆ ತಿರುಗಿದಳು. "ಸರ್, ನಂದೊಂದು ತಪ್ಪಾಗೇತಿ ಅನಸ್ತೈತಿ."

ಅವಳ ಬಾಯಿಂದ ಗದಗು ಹೊರಬಿದ್ದದ್ದನ್ನು ಕೇಳಿಯೇ ಹರಿಪ್ರಸಾದರು ಎದ್ದರು. ಕೈ ತೊಳೆದು ಹಿತ್ತಿಲ ಬಾಗಿಲ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡರು. ನಡುವೆ ಬಾಯಿ ಹಾಕಲಿಲ್ಲ. ಅವಳು ಮುಗಿಸುವಾಗ ಕಣ್ಣು ತುಂಬಿತ್ತು.

"ಏನೂ ಆಗಿರಲ್ಲ ಅಂತ ನಾನು ನಿನಗೆ ಹೇಳಲ್ಲ," ಎಂದರು. "ನನಗೆ ಗೊತ್ತಿಲ್ಲ. ಆಗೇ ಬಿಟ್ಟಿದೆ ಅಂತ ನೀನೂ ಅಂದ್ಕೋಬೇಡ, ನಿನಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಮೊದಲನೇ ಕೆಲಸ ಅವರನ್ನ ಹುಡುಕೋದು. ಈಗ ಬಂದು ಅನ್ನ ಮುಗಿಸು."

ಸೋಮವಾರ ಟಿಮಿನ್ಸರ ಮನೆಯ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಅವರ ಬಳಿ ಮೊಬೈಲ್ ಇದ್ದಂತಿರಲಿಲ್ಲ. ದಾನೇಶ್ವರಿಯ ಮನಸ್ಸು ಏನೇನೋ ಚಿತ್ರ ಕಟ್ಟತೊಡಗಿತು. ಕೊನೆಗೆ ಮುಂಭಾಗದ ಮೇಜಿನ ಲೊರೇನ್ ಎಂಬ ರಿಸೆಪ್ಷನಿಸ್ಟ್ ಅವಳ ಮುಖ ನೋಡಿ, "ರೇ ಟಿಮಿನ್ಸಾ? ಈ ಹೊತ್ತಿಗೆ ಅವರು ಮನೇಲಿ ಎಲ್ಲಿರ್ತಾರೆ? ಹೆಂಡತಿ ಡೋರೀನ್ ತೀರಿಕೊಂಡ ಮೇಲೆ ಹಗಲೆಲ್ಲ ಅಲಾಟ್‌ಮೆಂಟಿನಲ್ಲೇ," ಎಂದಳು. ಊರಿನ ಅಂಚಿನಲ್ಲಿ ಕೌನ್ಸಿಲ್‌ನವರು ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ತುಂಡು ನೆಲಗಳವು. ರೋಗಿಗಳ ಮನೆಭೇಟಿಗೆಂದು ಇಟ್ಟ ಹೊತ್ತಿನಲ್ಲಿ ದಾನೇಶ್ವರಿ ಕಾರು ತೆಗೆದುಕೊಂಡು ಅಲ್ಲಿಗೇ ಹೋದಳು.

ಕಾಲುವೆಯ ಪಕ್ಕ ಸಾಲು ಸಾಲು ಪಾತಿಗಳು, ಹಲಗೆಯ ಗುಡಿಸಲುಗಳು. ಟಿಮಿನ್ಸ್ ಬಕೆಟ್ಟೊಂದನ್ನು ಪಕ್ಕದಲ್ಲಿಟ್ಟುಕೊಂಡು ಬ್ರಾಡ್ ಬೀನ್ಸ್ ಕೀಳುತ್ತಿದ್ದರು. ಕುತ್ತಿಗೆಯಲ್ಲಿ ಸರ್ಜರಿಯ ಗುರುತಿನ ಚೀಟಿ ನೇತುಹಾಕಿಕೊಂಡು, ಕೆಸರಿನಲ್ಲಿ ಷೂ ಹೂತುಕೊಂಡು ಬರುತ್ತಿದ್ದ ವೈದ್ಯೆಯನ್ನು ಕಂಡು ಬೆನ್ನು ನೇರ ಮಾಡಿದರು. ಹಣೆಯ ಬೆವರು ಒರೆಸಿ, ಅವಳಿಗೆಂದು ಪ್ಲಾಸ್ಟಿಕ್ ಕುರ್ಚಿ ಎಳೆದರು. ತಾವು ಮಗುಚಿಟ್ಟ ಡಬ್ಬದ ಮೇಲೆ ಕೂತರು.

"ಮಿಸ್ಟರ್ ಟಿಮಿನ್ಸ್, ಅವತ್ತು ನೀವು ಹೇಳಿದ್ದನ್ನ ನಾನು ತಪ್ಪಾಗಿ ತಿಳಿದುಕೊಂಡೆ. ಅದಕ್ಕೆ ಬಂದೆ," ಎಂದಳು ದಾನೇಶ್ವರಿ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಅಷ್ಟಕ್ಕೇ ಮುಗಿದುಹೋದವು. ಎಷ್ಟು ದಿನ ಎಂದು ಮತ್ತೆ ಕೇಳಿದರೆ ಮತ್ತೆ ಅಂಥದೇ ಉತ್ತರ ಬಂದೀತು. ಪಾತಿಯ ಕಡೆ ನೋಡಿದಳು. ಗದಗಿನಲ್ಲಿ ಅವಳ ಆಯಿ, ಅಂದರೆ ಅಜ್ಜಿ, ಯಾವ ಸಂಗತಿಗೂ ತಿಂಗಳು ತಾರೀಖು ಹೇಳಿದವಳಲ್ಲ. ಹೆಸರುಕಾಯಿ ಬಿಡಿಸುವಾಗ, ಉಳ್ಳಾಗಡ್ಡಿ ಕೀಳುವಾಗ ಎಂದೇ ಹೇಳುತ್ತಿದ್ದಳು.

"ಈ ಬೀನ್ಸ್ ಬೀಜ ಹಾಕಿದಾಗ ನಿಮ್ಮ ದನಿ ಹೇಗಿತ್ತು?"

ಟಿಮಿನ್ಸ್ ತಡವರಿಸಲಿಲ್ಲ. "ಹೀಗೇ ಇತ್ತು. ಬೀಜ ಹಾಕಿದ್ದು ನವೆಂಬರಿನಲ್ಲಿ. ಆ ಕೊನೆಯ ಪಾತಿಯ ಬರ್ಟ್ ಗೇಟು ಹಾಕದೆ ಹೋಗ್ತಿದ್ದ, ಕೂಗಿದೆ, ಅವನಿಗೆ ಕೇಳಿಸಲೇ ಇಲ್ಲ. ಅವತ್ತೇ ಗೊತ್ತಾಯ್ತು."

ನವೆಂಬರ್. ದಾನೇಶ್ವರಿ ಬಕೆಟ್ಟಿನಲ್ಲಿದ್ದ ದಪ್ಪ ಹಸಿರು ಕಾಯಿಗಳನ್ನು ನೋಡಿದಳು. ಚಳಿಗಾಲ ಪೂರ್ತಿ ನೆಲದೊಳಗಿದ್ದು, ಮೊಳೆತು, ಹೂ ಬಿಟ್ಟು, ಕಾಯಾಗಿ ಕೈಗೆ ಬಂದಿದ್ದವು.

"ಅವತ್ತು ಯಾಕೆ ಅದನ್ನ ಹೇಳಲಿಲ್ಲ?" ಕೇಳಿದ ಮೇಲೆ ಅವಳಿಗೇ ಅದು ಆರೋಪದ ಹಾಗೆ ಕೇಳಿಸಿತು.

"ಹೇಳಿದೆನಲ್ಲ. ಕ್ವೈಟ್ ಎ ವೈಲ್ ಅಂದೆ." ಅವರು ಒಂದು ಕಾಯಿ ಸುಲಿದು ಕಾಳುಗಳನ್ನು ಅಂಗೈ ಮೇಲೆ ಉರುಳಿಸಿಕೊಂಡರು. "ಆದರೆ ನಿಮ್ಮ ತಪ್ಪೊಂದೇ ಅಲ್ಲ, ಬ್ಯಾಬ್. ನವೆಂಬರಿನಿಂದ ಅಂತ ಹೇಳಿಬಿಟ್ಟಿದ್ದರೆ, ಇಷ್ಟು ದಿನ ಏನು ಮಾಡ್ತಿದ್ದೆ ಅಂತ ನೀವು ಕೇಳ್ತಿದ್ದಿರಿ. ಕ್ವೈಟ್ ಎ ವೈಲ್ ಅಂದರೆ ಯಾರೂ ಏನೂ ಕೇಳಲ್ಲ. ಡೋರೀನ್‌ಗೂ ಹೀಗೇ ಸಣ್ಣದಾಗಿ, ಒಂದು ಕೆಮ್ಮಿನಿಂದ ಶುರುವಾಗಿದ್ದು. ಅವಳ ಜೊತೆ ಆಸ್ಪತ್ರೆ ಸುತ್ತಿ ಸುತ್ತಿ ನನಗೆ ಅದರ ವಾಸನೆಯೇ ಬೇಡ ಅನಿಸಿತ್ತು. ಮನೇಲಿ ಮಾತಾಡೋಕೆ ಯಾರೂ ಇಲ್ಲ, ಬಳಸದೆ ಇದ್ದ ಬೀಗದ ಹಾಗೆ ತುಕ್ಕು ಹಿಡಿದಿರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ."

"ಮತ್ತೆ ಜೂನ್‌ನಲ್ಲಿ ಯಾಕೆ ಬಂದಿರಿ?"

"ಮಗಳು ಫೋನಿನಲ್ಲಿ ಅತ್ತಳು. ನಿನ್ನ ದನಿ ನನ್ನಪ್ಪಂದಲ್ಲ ಅಂದಳು."

ಕಾಲುವೆಯಲ್ಲಿ ದೋಣಿಯೊಂದು ಟಪಟಪ ಸದ್ದು ಮಾಡುತ್ತ ಹೋಯಿತು. ಆಮೇಲೆ ದಾನೇಶ್ವರಿ ಯಾವ ಮಾತಿಗೂ ಮೆತ್ತನೆ ಹೊದಿಕೆ ಹಾಕದೆ ಹೇಳಿದಳು. ಇದು ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ನೋಡಿಸಲೇಬೇಕು, ತಡಮಾಡದೆ. ಇವತ್ತೇ ತುರ್ತು ಎಂದು ಆಸ್ಪತ್ರೆಗೆ ಬರೆಯುತ್ತೇನೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಧ್ವನಿತಂತುಗಳನ್ನು ನೋಡುತ್ತಾರೆ. ನೋವಾಗುವುದಿಲ್ಲ, ಕಿರಿಕಿರಿಯಾಗುತ್ತದೆ. ಎರಡು ವಾರದ ಹಿಂದೆಯೇ ನಾನು ಇದನ್ನು ಮಾಡಬೇಕಿತ್ತು, ಮಾಡಲಿಲ್ಲ, ಅದಕ್ಕೆ ಕ್ಷಮೆ ಕೇಳುತ್ತೇನೆ.

ಟಿಮಿನ್ಸ್ ತಲೆಯಾಡಿಸಿದರು. "ಕೆಸರಿನಲ್ಲಿ ಯಾವ ಡಾಕ್ಟರೂ ನನ್ನ ಹುಡುಕಿಕೊಂಡು ಬಂದಿರಲಿಲ್ಲ," ಎಂದರು. ಆಮೇಲೆ ಅವಳ ಷೂ ಒರೆಸಲು ಒಂದು ಹಳೇ ಬಟ್ಟೆ ತಂದುಕೊಟ್ಟರು.

ಕ್ಯಾಮೆರಾ ಇಳಿಯಿತು, ಚೂರು ಮಾಂಸ ತೆಗೆದು ಪರೀಕ್ಷೆಯೂ ಆಯಿತು. ಫಲಿತಾಂಶ ಬಂದ ದಿನ ಹರಿಪ್ರಸಾದರು ದಾನೇಶ್ವರಿಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. "ಕ್ಯಾನ್ಸರೇ," ಎಂದರು. "ಆದರೆ ಒಂದೇ ತಂತುವಿನ ಮೇಲಿದೆ, ಹರಡಿಲ್ಲ. ರೇಡಿಯೋಥೆರಪಿ ಸಾಕು ಅಂತಿದಾರೆ. ಈ ಹಂತದಲ್ಲಿ ಸಿಕ್ಕಿದರೆ ಬಹಳ ಜನ ಗುಣವಾಗ್ತಾರೆ."

"ನಾ ಎರಡು ವಾರ ಕಳದೆ, ಸರ್."

"ಕಳೆದೆ. ಅವರು ಏಳು ತಿಂಗಳು ಕಳೆದಿದ್ರು. ಎರಡನ್ನೂ ನೀನೊಬ್ಬಳೇ ಹೊರಬೇಕಾಗಿಲ್ಲ. ಆದರೆ ನಿನ್ನ ಪಾಲಿಂದನ್ನ ಮುಚ್ಚಿಡೋದೂ ಬೇಡ. ಗುರುವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳು."

ಗುರುವಾರಕ್ಕೆ ಉಳಿದಿದ್ದ ಮೂರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಇಂಗ್ಲಿಷ್ ಬರದವಳನ್ನು ಯಾಕೆ ತೆಗೆದುಕೊಂಡಿರಿ ಎಂದು ಯಾರಾದರೂ ಕೇಳಿಯಾರು ಎಂಬುದು ಅವಳ ಹೆದರಿಕೆ. ಗುರುವಾರ ಮಧ್ಯಾಹ್ನ, ಸ್ಯಾಂಡ್‌ವಿಚ್ ತಟ್ಟೆಗಳ ನಡುವೆ, ಗಂಟಲು ಸರಿಮಾಡಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಕ್ವೈಟ್ ಎ ವೈಲ್ ಎಂದರೆ ಕೊಂಚವೇ ದಿನ ಎಂದು ತಿಳಿದೆ ಎಂದೂ ಒಪ್ಪಿಕೊಂಡಳು.

ಆಮೇಲೆ ಲೊರೇನ್ ಬಾಯಿ ತೆರೆದಳು. "ನನಗಂತೂ ಅದು ಅಷ್ಟೇನೂ ದೊಡ್ಡದಲ್ಲ. ಎ ಫೇರ್ ವೈಲ್ ಅಂದರೆ ಅದಕ್ಕಿಂತ ಜಾಸ್ತಿ."

"ಎಲ್ಲಾದರೂ ಉಂಟೇ?" ಎಂದಳು ವೇಲ್ಸ್ ಕಡೆಯ ನರ್ಸ್ ಗ್ವೆನ್. "ಫೇರ್ ವೈಲ್ ಚಿಕ್ಕದು. ಎ ಗುಡ್ ವೈಲ್ ಅಂದರೆ ಉದ್ದ, ಎ ಗುಡ್ ಲಾಂಗ್ ವೈಲ್ ಅಂದರೆ ಇನ್ನೂ ಉದ್ದ."

"ಮತ್ತೆ ರಾದರ್ ಲಾಂಗ್?" ಎಂದು ದಾನೇಶ್ವರಿ ತಡೆಯಲಾರದೆ ಕೇಳಿದಳು.

"ಅದರಲ್ಲಿ ದೂರು ಇದೆ," ಎಂದಳು ಗ್ವೆನ್. "ಇಷ್ಟು ಹೊತ್ತು ಆಗಬಾರದಿತ್ತು ಅಂತ. ರೇ ಟಿಮಿನ್ಸ್ ತರಹದವರು ದೂರು ಹೇಳ್ತಾರೆಯೇ? ಸತ್ತರೂ ಹೇಳಲ್ಲ. ಅದಕ್ಕೇ ನಿಮ್ಮ ಪ್ರಶ್ನೆಗೆ ಇಲ್ಲ ಅಂದಿದ್ದು."

"ಕ್ವೈಟ್ ಎ ವೈಲ್ ಅಂತೀರಿ. ಫೇರ್ಲಿ ಎ ವೈಲ್ ಅಂತ ಯಾಕೆ ಅನ್ನಲ್ಲ?"

ಲೊರೇನ್ ಆ ಮಾತನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ನೋಡಿದಳು, ಕಹಿ ಮಾತ್ರೆ ತಿಂದವಳ ಹಾಗೆ ಮುಖ ಮಾಡಿದಳು. "ಹಾಗೆ ಅನ್ನೋದಿಲ್ಲ, ಅಷ್ಟೇ. ಯಾಕೆ ಅಂತ ನನಗೇನು ಗೊತ್ತು?" ಎಲ್ಲರೂ ನಕ್ಕರು. ಅವರವರಲ್ಲೇ ವಾದ ಎದ್ದಿತು. ಫೇರ್ಲಿ ಲಾಂಗ್ ದೊಡ್ಡದೋ ಪ್ರಿಟಿ ಲಾಂಗ್ ದೊಡ್ಡದೋ, ಆಫ್‌ಲಿ ಲಾಂಗ್ ಎನ್ನುವುದು ಕಾಲದ ಮಾತೋ ಕಷ್ಟದ ಮಾತೋ. ಒಬ್ಬರ ಸಾಲು ಇನ್ನೊಬ್ಬರ ಸಾಲಿಗೆ ಹೊಂದಲಿಲ್ಲ. ಹುಟ್ಟಿನಿಂದ ಆ ಭಾಷೆಯನ್ನೇ ಆಡಿದವರು ಕೂಡ ಈ ಪುಟ್ಟ ಮಾತುಗಳ ಅಳತೆಯಲ್ಲಿ ಒಪ್ಪಲಾರರು ಎಂಬುದನ್ನು ದಾನೇಶ್ವರಿ ಬೆರಗಾಗಿ ನೋಡುತ್ತಿದ್ದಳು. ಹೆಗಲ ಮೇಲಿನ ಭಾರ ಪೂರ್ತಿ ಇಳಿಯಲಿಲ್ಲ. ಆದರೆ ತಾನೊಬ್ಬಳೇ ಬಾಗಿಲ ಹೊರಗೆ ನಿಂತಿಲ್ಲ ಎನಿಸಿತು.

ಹರಿಪ್ರಸಾದರು ಕೊನೆಗೆ ಮಾತಾಡಿದರು. "ನಾನೂ ಎಷ್ಟೋ ಸಲ ಆ ಮಾತು ಕೇಳಿ, ತಲೆಯಾಡಿಸಿ, ಮುಂದೆ ಹೋಗಿದೀನಿ. ನನ್ನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಇನ್ನು ಮೇಲೆ ಯಾರೇ ಅಂಥ ಮಾತು ಹೇಳಿದರೂ ನಾವು ಇನ್ನೊಂದು ಪ್ರಶ್ನೆ ಕೇಳೋಣ. ಕ್ರಿಸ್‌ಮಸ್ ಹೊತ್ತಿಗೆ ಹೀಗಿತ್ತಾ, ಈಸ್ಟರ್ ಹೊತ್ತಿಗೆ ಹೀಗಿತ್ತಾ ಅಂತ." ಎಲ್ಲರೂ ಒಪ್ಪಿದರು.

ಬೇಸಿಗೆಯಲ್ಲಿ ಟಿಮಿನ್ಸರ ಚಿಕಿತ್ಸೆ ನಡೆಯಿತು. ಅಲುಗಾಡದಿರಲೆಂದು ಮುಖಕ್ಕೆ ಅಚ್ಚೊತ್ತಿದ ಮುಖವಾಡ ಹಾಕಿ ಮೇಜಿಗೆ ಬಿಗಿದು ಮಲಗಿಸುತ್ತಿದ್ದರಂತೆ. ಮಗಳು ಸ್ಟಾಕ್‌ಪೋರ್ಟಿನಿಂದ ಬಂದು ಜೊತೆಗಿದ್ದಳು. ದಾನೇಶ್ವರಿ ಆಗಾಗ ಫೋನ್ ಮಾಡುತ್ತಿದ್ದಳು. ಮೊದಮೊದಲು ಟಿಮಿನ್ಸರೇ ತೆಗೆದುಕೊಳ್ಳುತ್ತಿದ್ದರು. ಚಿಕಿತ್ಸೆಯ ನಡುವೆ ಗಂಟಲು ಸುಟ್ಟಂತಾಗಿ ಇದ್ದ ದನಿಯೂ ಹೋಯಿತು. ಆಗ ಮಗಳು ಮಾತಾಡುತ್ತಿದ್ದಳು: ಅಪ್ಪ ತಣ್ಣನೆಯ ಕಸ್ಟರ್ಡ್ ಬಿಟ್ಟರೆ ಏನೂ ತಿನ್ನುತ್ತಿಲ್ಲ, ಪಾತಿಗೆ ಬರ್ಟ್ ನೀರು ಹಾಕುತ್ತಿದ್ದಾನೆ, ಸರಿಯಾಗಿ ಹಾಕುತ್ತಿಲ್ಲವೆಂದು ಅಪ್ಪ ಕೈಸನ್ನೆಯಲ್ಲೇ ಬೈಯುತ್ತಾನೆ. ದಾನೇಶ್ವರಿಗೆ ನಗುವೂ ಬರುತ್ತಿತ್ತು, ಕಣ್ಣೂ ಒದ್ದೆಯಾಗುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಅವ್ವನಿಗೆ ಎಲ್ಲ ಹೇಳಿಬಿಟ್ಟಳು, ಆ ಹಳೆಯ ಹೊಗಳಿಕೆಯ ನಿಜವಾದ ಅರ್ಥವನ್ನೂ ಸೇರಿಸಿ. ಅವ್ವ, "ಆ ಮುದುಕಪ್ಪ ಈಗ ಹೆಂಗದಾನ?" ಎಂದಷ್ಟೇ ಕೇಳಿದಳು. ಅಂದಿನಿಂದ ಪ್ರತಿ ಫೋನಿನಲ್ಲೂ ಮೊದಲು ಆ ಮುದುಕಪ್ಪನ ಕ್ಷೇಮ, ಆಮೇಲೆ ಮಗಳದು.

ನವೆಂಬರಿನ ಹೊತ್ತಿಗೆ ಆಸ್ಪತ್ರೆಯವರು ಮತ್ತೆ ಕ್ಯಾಮೆರಾ ಇಳಿಸಿ, ತಂತು ಶುಭ್ರವಾಗಿದೆ, ಇನ್ನು ಕೆಲವು ವರ್ಷ ನೋಡುತ್ತಿರಬೇಕು ಎಂದರು. ಆ ವಾರ ಟಿಮಿನ್ಸ್ ಸರ್ಜರಿಗೆ ಬಂದರು. ಮೈ ಇಳಿದಿತ್ತು, ಕಾಲರ್ ಸಡಿಲವಾಗಿತ್ತು. ದನಿ ಹಳೆಯದಾಗಿರಲಿಲ್ಲ. ತಗ್ಗಾಗಿ, ಒರಟಾಗಿ, ಆದರೆ ಒಡೆಯದೆ ಬರುತ್ತಿತ್ತು. ಮಗಳು ಈಗ ಏನಂತಾಳೆ ಎಂದು ದಾನೇಶ್ವರಿ ಕೇಳಿದಳು.

"ಬೇರೆ ಅಪ್ಪ, ಆದರೂ ಇಟ್ಕೋತೀನಿ ಅಂತಾಳೆ," ಎಂದರು ಟಿಮಿನ್ಸ್.

ಅವರು ಹೋದ ಮೇಲೆ ನೋಡಿದರೆ ರಿಸೆಪ್ಷನ್ ಮೇಜಿನ ಮೇಲೆ ಮಣ್ಣು ಮೆತ್ತಿದ ಲೀಕ್‌ಗಳ ದೊಡ್ಡ ಕಟ್ಟು. ಈರುಳ್ಳಿಯ ಜಾತಿಯ, ಉದ್ದನೆಯ ಬಿಳಿ ದಂಟಿನ ತರಕಾರಿ. ಲೊರೇನ್ ಅದನ್ನು ಪಾಲು ಮಾಡುತ್ತ ಬೈದುಕೊಳ್ಳುತ್ತಿದ್ದಳು, ಕಾರ್ಪೆಟ್ ಎಲ್ಲ ಮಣ್ಣಾಯಿತೆಂದು. ದಾನೇಶ್ವರಿಯ ಪಾಲಿಗೆ ನಾಲ್ಕು ಬಂದವು. ಅವಳು ಆವರೆಗೆ ಲೀಕ್ ಬೇಯಿಸಿದವಳಲ್ಲ. ಕಾರಿನಲ್ಲಿ ಕೂತು ವಿಜಯಾ ಅವರಿಗೆ ಫೋನ್ ಮಾಡಿದಳು.

"ಬೇಳೆ ಇದೆಯಾ ಮನೇಲಿ? ತೊಗರಿಬೇಳೆ?" ಎಂದರು ವಿಜಯಾ. "ದಂಟಿನ ಸಂದೀಲಿ ಮಣ್ಣು ಕೂತಿರುತ್ತೆ, ಸೀಳಿ ತೊಳಿ. ಆಮೇಲೆ ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ ಬಾಡಿಸು. ನೀರು ಹಾಕಬೇಡ, ಅದೇ ಬಿಡುತ್ತೆ. ಕೊನೇಲಿ ಬೇಯಿಸಿದ ಬೇಳೆ, ಕಾಯಿತುರಿ."

ದಾನೇಶ್ವರಿ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು. ಪಕ್ಕದ ಸೀಟಿನ ಮೇಲೆ ಮಲಗಿದ್ದ ಲೀಕ್‌ಗಳಿಂದ ಕಾರೊಳಗೆಲ್ಲ ಹಸಿ ಮಣ್ಣಿನ ವಾಸನೆ ತುಂಬಿತ್ತು. ಕಿಟಕಿ ಇಳಿಸದೆ ಹಾಗೇ ಮನೆಯ ಕಡೆ ಹೊರಟಳು.